ಇನ್ಸುಲಿನ್ ಏರಿಸಿದರೂ ಅಪ್ಪನ ಶುಗರ್ ಹತೋಟಿಗೆ ಬರುತ್ತಿಲ್ಲ, ಸ್ಪೆಷಲಿಸ್ಟ್ ಹತ್ತಿರ ಹೋಗಬೇಕಾ?

ಅಪ್ಪನಿಗೆ 12 ವರ್ಷದಿಂದ ಶುಗರ್, ಮೂರು ವರ್ಷದಿಂದ ಇನ್ಸುಲಿನ್, ಡೋಸ್ ಏರಿಸುತ್ತಾ ಹೋದರೂ ಒಂದು ದಿನ 300, ಇನ್ನೊಂದು ದಿನ 60 ಅಂತ ಬರೆದಿದ್ದೀರಿ. ಹೋಗಲೇಬೇಕು. ಈ ವಾರವೇ ಹೋಗಿ. ನನಗೆ ಆ 300ಕ್ಕಿಂತ 60 ನೋಡಿದರೇ ಜಾಸ್ತಿ ಭಯ.

ನಾನು ಡಾಕ್ಟರ್ ಅಲ್ಲ. ಆದರೆ ನಮ್ಮಮ್ಮನಿಗೂ ಹೀಗೇ ಆಗಿತ್ತು. ಶುಗರ್ 280 ಬಂತು ಅಂದರೆ ಎರಡು ಯೂನಿಟ್ ಏರಿಸುವುದು, ಮುಂದಿನ ತಿಂಗಳು ಮತ್ತೆರಡು. "ಕದ್ದು ಏನೋ ತಿಂತಿದ್ದೀಯ" ಅಂತ ಮನೆಯಲ್ಲಿ ಎಲ್ಲರೂ ಅಮ್ಮನನ್ನೇ ಬೈಯುತ್ತಿದ್ದೆವು. ಪಾಪ, ಅವಳು ರಾತ್ರಿ ಅನ್ನವನ್ನೇ ಬಿಟ್ಟಿದ್ದಳು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ.

ಕೊನೆಗೆ ದಾವಣಗೆರೆಯಲ್ಲಿ ಒಬ್ಬ ಡಯಾಬಿಟಾಲಜಿಸ್ಟ್ (ಶುಗರ್ ಸ್ಪೆಷಲಿಸ್ಟ್) ಹತ್ತಿರ ಕರೆದುಕೊಂಡು ಹೋದೆವು. ಅವರು ರಿಪೋರ್ಟ್ ತೆರೆಯುವ ಮೊದಲೇ ಅಮ್ಮನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಹೊಕ್ಕಳಿನ ಎಡಕ್ಕೆ ನೆಲ್ಲಿಕಾಯಿಯಷ್ಟು ದಪ್ಪದ ಮೆತ್ತನೆ ಗಂಟು. ನನ್ನ ಬೆರಳನ್ನೂ ಅಲ್ಲಿಟ್ಟು ತೋರಿಸಿದರು. ಅಮ್ಮ ವರ್ಷಗಟ್ಟಲೆ ಅಲ್ಲೇ ಚುಚ್ಚಿಕೊಂಡಿದ್ದಳು, ಅಲ್ಲಿ ನೋವಾಗುತ್ತಿರಲಿಲ್ಲವಂತೆ. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಚರ್ಮದಡಿಯ ಕೊಬ್ಬು ಹಾಗೆ ಗಂಟು ಕಟ್ಟುತ್ತದೆ. ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ, ಇನ್ನೊಂದು ದಿನ ಲೆಕ್ಕ ತಪ್ಪಿ ಸೇರುತ್ತದೆ. ಜಾಗ ಬದಲಿಸಿ, ಡೋಸ್ ಇಳಿಸಿದರು. ಹೌದು, ಇಳಿಸಿದರು!

ಆಮೇಲೆ ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದಾ ಅಂತ ಪರೀಕ್ಷೆ. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ತೆಳ್ಳನೆ ನೈಲಾನ್ ಎಳೆಯಿಂದ ಪಾದಕ್ಕೆ ಅಲ್ಲಲ್ಲಿ ಒತ್ತಿದರು. ಮೂರು ಕಡೆ ಒತ್ತಿಯಾಗಿತ್ತು. ಅಮ್ಮ ಕೇಳಿದಳು, "ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?" ಅವತ್ತಿನಿಂದ ಅವಳು ಮನೆಯೊಳಗೂ ಚಪ್ಪಲಿ ಹಾಕುತ್ತಾಳೆ, ಮಲಗುವ ಮುಂಚೆ ನಾನು ಅವಳ ಅಂಗಾಲು ನೋಡುತ್ತೇನೆ.

ರಿಪೋರ್ಟಿನಲ್ಲಿ HbA1c ಅಂತ ಇರುವ ರಕ್ತಪರೀಕ್ಷೆಯನ್ನು ಮಾತ್ರ ನಂಬಿ ಕೂರಬೇಡಿ. ಅದು ಸುಮಾರು ಮೂರು ತಿಂಗಳ ಶುಗರಿನ ಸರಾಸರಿ. 300 ಮತ್ತು 60 ಸೇರಿದರೆ ಸರಾಸರಿಯಲ್ಲಿ ಆ ಏರಿಳಿತ ಕಾಣುವುದೇ ಇಲ್ಲ, ಅಲ್ವಾ? ಹಾಗಾಗಿ ಗ್ಲುಕೋಮೀಟರಿನಲ್ಲಿ ಬಂದಿದ್ದನ್ನು ಹೊತ್ತಿನ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏನು ತಿಂದರು ಅನ್ನುವುದನ್ನೂ ಬರೆಯಿರಿ. ಮುದ್ದೆಯನ್ನೂ ಬಿಡಬೇಡಿ, ರಾಗಿಯಲ್ಲೂ ಪಿಷ್ಟ ಇದೆ, ಎಷ್ಟು ದೊಡ್ಡ ಮುದ್ದೆ ಅನ್ನುವುದು ಮುಖ್ಯ. ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ಮತ್ತು ಮೂತ್ರದಲ್ಲಿ ಆಲ್ಬುಮಿನ್ (ಒಂದು ಪ್ರೋಟೀನ್) ಪರೀಕ್ಷೆಯೂ ಆಗಬೇಕು.

ಮತ್ತೆ 60 ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಚೆಕ್ ಮಾಡಿ, 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ.

ಹೋಗುವಾಗ ಇನ್ಸುಲಿನ್ ಪೆನ್ನನ್ನೂ ತೆಗೆದುಕೊಂಡು ಹೋಗಿ, ಹೇಗೆ ಚುಚ್ಚಿಕೊಳ್ಳುತ್ತಾರೆ ಅಂತ ಅಪ್ಪ ಡಾಕ್ಟರ್ ಎದುರೇ ತೋರಿಸಲಿ. ಇವತ್ತು ರಾತ್ರಿ ಅವರ ಹೊಟ್ಟೆ ಒಮ್ಮೆ ಮುಟ್ಟಿ ನೋಡಿ. ಗಂಟು ಸಿಕ್ಕರೆ ನೀವೇ ಜಾಗ ಬದಲಿಸಿ ಅದೇ ಡೋಸ್ ಕೊಡಬೇಡಿ. ಹೊಸ ಜಾಗದಲ್ಲಿ ಅಷ್ಟೇ ಇನ್ಸುಲಿನ್ ಪೂರ್ತಿ ಕೆಲಸ ಮಾಡಿ ಶುಗರ್ ಕುಸಿಯಬಹುದು. ಮೊದಲು ಡಾಕ್ಟರಿಗೆ ಫೋನ್ ಮಾಡಿ.