ಸಂಪಾದಕರ ಉತ್ತರ: ತಲೆ ತಗ್ಗಿಸಿ ಕೂತ ಮಕ್ಕಳು

ನಮಸ್ಕಾರ ಮೇಡಂ,

ನಿಮ್ಮ ಪತ್ರದಲ್ಲಿ ಏನಿತ್ತು ಅಂತ ಉಳಿದ ಓದುಗರಿಗೆ ಮೊದಲು ಹೇಳಿಬಿಡುತ್ತೇನೆ. ಹಾಸನದಲ್ಲಿ ಮೇಷ್ಟ್ರಾಗಿದ್ದ ನೀವು ಈಗ ದಕ್ಷಿಣ ಆಕ್ಲೆಂಡ್‌ನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೀರಿ. ತರಗತಿಯಲ್ಲಿ ಜಾಸ್ತಿ ಇರುವುದು ಪೆಸಿಫಿಕ್ ಸಾಗರದ ಸಮೋವಾ, ಟೋಂಗಾ, ಕುಕ್ ದ್ವೀಪಗಳ ಮೂಲದ ಮಕ್ಕಳು. ನ್ಯೂಜಿಲೆಂಡಿನಲ್ಲಿ ಇವರನ್ನೆಲ್ಲ ಪಸಿಫಿಕಾ ಅನ್ನುತ್ತಾರೆ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ, ಅರ್ಥವಾಗದಿದ್ದರೂ ಬಾಯಿ ಬಿಡಲ್ಲ, ಪೋಷಕರ ಸಭೆಗೆ ಅಪ್ಪ ಅಮ್ಮ ಬರಲ್ಲ. "ಮನೆಯವರಿಗೇ ಓದು ಬೇಡವಾದರೆ ನಾನೇನು ಮಾಡಲಿ?" ಅಂತ ಕೇಳಿದ್ದೀರಿ.

ಆ ಕೊನೆಯ ಮಾತನ್ನು ನಾನು ಒಪ್ಪಲ್ಲ. ಎರಡನೇ ಮಹಾಯುದ್ಧದ ನಂತರ ನ್ಯೂಜಿಲೆಂಡಿನ ಕಾರ್ಖಾನೆಗಳಿಗೆ ಆಳು ಬೇಕಾದಾಗ ಈ ಜನ ದ್ವೀಪ ಬಿಟ್ಟು ಬಂದರು. ಕೂಲಿಯ ಜೊತೆಗೆ ಮಕ್ಕಳ ಓದಿನ ಆಸೆಯೂ ಅವರನ್ನು ಕರೆತಂದಿತ್ತು. 1970ರ ದಶಕದಲ್ಲಿ ಕೆಲಸ ಕಡಿಮೆಯಾದಾಗ, ವೀಸಾ ಮುಗಿದಿದೆ ಅಂತ ಬೆಳಗಿನ ಜಾವ ಇವರ ಮನೆಗಳಿಗೇ ಪೊಲೀಸರು ನುಗ್ಗಿದರು. ಸರ್ಕಾರ ಅದಕ್ಕೆ ಕ್ಷಮೆ ಕೇಳಿದ್ದು 2021ರಲ್ಲಿ. ಆ ಕಾಲದಲ್ಲೇ, 1971ರಲ್ಲಿ, ಆಕ್ಲೆಂಡ್‌ನ ಪಾನ್ಸನ್‌ಬಿಯ ಹುಡುಗ ಹುಡುಗಿಯರು ಪಾಲಿನೇಷಿಯನ್ ಪ್ಯಾಂಥರ್ಸ್ ಅಂತ ಸಂಘಟನೆ ಕಟ್ಟಿ, ಮಕ್ಕಳಿಗೆ ಹೋಮ್‌ವರ್ಕ್ ಕೇಂದ್ರಗಳನ್ನೂ ನಡೆಸಿದರು. ಓದು ಬೇಡ ಅನ್ನುವ ಜನ ಅದನ್ನು ಮಾಡ್ತಾರಾ?

ತಲೆ ತಗ್ಗಿಸುವುದಕ್ಕೆ ಬರೋಣ. ಸಮೋವಾದ ಮನೆಯಲ್ಲಿ ದೊಡ್ಡವರು ಮಾತಾಡುವಾಗ ಅವರ ಕಣ್ಣಲ್ಲಿ ಕಣ್ಣಿಟ್ಟು ಎದುರು ಮಾತಾಡುವುದು ಸರಿಯಲ್ಲ. ನಮ್ಮ ಕಡೆಯೂ ಹಾಗೇ ಅಲ್ವಾ? ಒಬ್ಬನನ್ನೇ ಎಬ್ಬಿಸಿ ನಿಲ್ಲಿಸಿ ಕೇಳಬೇಡಿ. ನಾಲ್ಕು ಮಕ್ಕಳಿಗೆ ಒಂದು ಲೆಕ್ಕ ಕೊಡಿ, ಅವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ, ಗುಂಪಿನ ಪರವಾಗಿ ಯಾರಾದರೂ ಉತ್ತರ ಹೇಳಲಿ.

ಇನ್ನು ಅಪ್ಪ ಅಮ್ಮ. ಸಂಜೆ ಆರಕ್ಕೆ ಸಭೆ ಇಟ್ಟರೆ, ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸಕ್ಕೋ ಆಫೀಸು ಗುಡಿಸುವುದಕ್ಕೋ ಹೊರಟವರು ಹೇಗೆ ಬರಬೇಕು ಹೇಳಿ. ಚರ್ಚಿನ ಪಾದ್ರಿಯ ಹತ್ತಿರ ಮಾತಾಡಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲೇ, ಊಟದ ಜೊತೆಗೆ, ಅವರ ಭಾಷೆ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಸಭೆ ಮಾಡಿ. ಅದಕ್ಕೂ ಮೊದಲು ಒಂದೊಂದು ಮನೆಗೂ ಫೋನ್ ಮಾಡಿ, ಮಗು ಚೆನ್ನಾಗಿ ಮಾಡಿದ ಒಂದು ವಿಷಯ ಹೇಳಿ. ಸ್ಕೂಲಿಂದ ಫೋನ್ ಬಂತು ಅಂದರೆ ದೂರು ಅಂತಲೇ ಭಯಪಡುವ ಮನೆಗಳು ಬಹಳ.

ಸಭೆಯಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಕ್ರೆಡಿಟ್ ಲೆಕ್ಕ, ಅಂದರೆ ಪಾಸಾದ ಒಂದೊಂದು ಮೌಲ್ಯಮಾಪನಕ್ಕೂ ಸಿಗುವ ಅಂಕಗಳ ಲೆಕ್ಕ. ನನಗೆ ಜಾಸ್ತಿ ಸಂಕಟ ಇರುವುದೇ ಇದರ ಬಗ್ಗೆ. ಇಲ್ಲಿನ ಹೈಸ್ಕೂಲಿನ ಕೊನೆಯ ಮೂರು ವರ್ಷಗಳಿಗೆ ಸರ್ಟಿಫಿಕೇಟ್ ಕೊಡುವ ಎನ್‌ಸಿಇಎ ಪದ್ಧತಿಯಲ್ಲಿ ಯಾವ್ಯಾವುದೋ ವಿಷಯದಿಂದ ಕ್ರೆಡಿಟ್ ಕೂಡಿಸಿ ಮಗು ಮೂರನೇ ಹಂತ ಪಾಸಾಗಬಹುದು, ಮನೆಯಲ್ಲಿ ಎಲ್ಲರೂ ಖುಷಿಪಡಬಹುದು. ಆದರೆ ಯೂನಿವರ್ಸಿಟಿಗೆ ಸೇರಬೇಕಾದರೆ ಅಷ್ಟು ಸಾಲದು. ಅದಕ್ಕೆಂದೇ ಒಪ್ಪಿದ ಪಟ್ಟಿಯ ಮೂರು ವಿಷಯಗಳಲ್ಲಿ, ಒಂದೊಂದರಲ್ಲೂ 14 ಕ್ರೆಡಿಟ್ ಇರಲೇಬೇಕು. ನಿಮ್ಮ ಗಣಿತದ್ದೇ ತಗೊಳ್ಳಿ. ಶಾಲೆಯ ಹನ್ನೊಂದನೇ ವರ್ಷದಲ್ಲಿ "ಇವನಿಗೆ ಕಷ್ಟ" ಅಂತ ಬೀಜಗಣಿತ ಇಲ್ಲದ ಸುಲಭದ ತರಗತಿಗೆ ಹಾಕಿದರೆ, ಹದಿಮೂರನೇ ವರ್ಷದಲ್ಲಿ ಅವನಿಗೆ ಕ್ಯಾಲ್ಕುಲಸ್ ಸಿಗಲ್ಲ. ಕ್ಯಾಲ್ಕುಲಸ್ ಇಲ್ಲದೆ ಎಂಜಿನಿಯರಿಂಗ್ ಕಷ್ಟ. ಹದಿನೈದರ ಹುಡುಗನಿಗೆ ಇದು ಗೊತ್ತಾಗಲ್ಲ, ಅಮ್ಮನಿಗೆ ಯಾರೂ ಹೇಳಿರಲ್ಲ. ದಯವಿಟ್ಟು ನೀವು ಹೇಳಿ, ಮಗುವಿನ ಕ್ರೆಡಿಟ್ ಹಾಳೆಯನ್ನು ಮೇಜಿನ ಮೇಲಿಟ್ಟು, ಎಷ್ಟಿದೆ, ಎಷ್ಟು ಬೇಕು ಅಂತ ಬೆರಳಿಟ್ಟು ತೋರಿಸಿ. ಯಾರನ್ನಾದರೂ ಕೆಳಗಿನ ತರಗತಿಗೆ ಕಳಿಸಬೇಕು ಅಂತ ಸ್ಟಾಫ್ ರೂಮಿನಲ್ಲಿ ಮಾತು ಬಂದರೆ, ಮನೆಯವರನ್ನು ಕೇಳಿದ್ದೀರಾ ಅಂತ ಅಲ್ಲೇ ಕೇಳಿಬಿಡಿ.

ಶಿಕ್ಷಣ ಇಲಾಖೆ 2018ರಲ್ಲಿ, ಪಸಿಫಿಕಾ ಮಕ್ಕಳಿಗೆ ಕಲಿಸುವ ಶಿಕ್ಷಕರಿಗಾಗಿ ತಂದ ತಪಾಸಾ ಕೈಪಿಡಿ ನಿಮ್ಮ ಸ್ಕೂಲಿನಲ್ಲೂ ಇರಬಹುದು, ಹುಡುಕಿ ಓದಿ.

ಕೊನೆಗೆ, ಸ್ಕೂಲು ಮಕ್ಕಳು ತಮ್ಮ ದ್ವೀಪಗಳ ಹಾಡು ಕುಣಿತ ತೋರಿಸುವ ಪಾಲಿಫೆಸ್ಟ್ ಹಬ್ಬಕ್ಕಾಗಿ ಮಾಡುವ ನೃತ್ಯದ ಅಭ್ಯಾಸ ಬಿಡಿಸಲಾ ಅಂತ ಕೇಳಿದ್ದೀರಿ. ಬೇಡ ಮೇಡಂ. 1976ರಲ್ಲಿ ದಕ್ಷಿಣ ಆಕ್ಲೆಂಡ್‌ನ ಓಟಾರಾದ ಒಂದು ಸ್ಕೂಲಿನಲ್ಲಿ ಶುರುವಾದ ಹಬ್ಬ ಅದು. ನಿಮ್ಮ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೇ ಅಲ್ಲಿ ಗುಂಪಿನ ಮುಂದೆ ನಿಂತು ಹಾಡು ಎತ್ತಿಕೊಡುತ್ತಿರಬಹುದು. ಒಂದು ಸಂಜೆ ಹೋಗಿ ನೋಡಿ. ಅಭ್ಯಾಸ ಮುಗಿದ ಮೇಲೆ ಅದೇ ಹಾಲ್‌ನಲ್ಲಿ ಅರ್ಧ ಗಂಟೆ ಗಣಿತಕ್ಕೆ ಕೂರುತ್ತೀರಾ ಅಂತ ಮಕ್ಕಳನ್ನೇ ಕೇಳಿ.