ಓದುಗರ ಪ್ರಶ್ನೆ: ಸೀಸೆಯಲ್ಲಿರುವ ಪೆಪ್ಟೈಡ್ ಎಷ್ಟು?

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಶೇ 98ರಷ್ಟು ಶುದ್ಧವೆಂಬ ಪ್ರಮಾಣಪತ್ರದೊಂದಿಗೆ ಬಂದ 5 ಮಿಲಿಗ್ರಾಂ ಪೆಪ್ಟೈಡ್‌ನಲ್ಲಿ (ಅಮೈನೊ ಆಮ್ಲಗಳ ಕಿರುಸರಪಳಿ) ಸ್ವಲ್ಪವನ್ನು ತೂಗಿ, ಕರಗಿಸಿ, ಜೀವಕೋಶಗಳ ಮೇಲೆ ಪ್ರಯೋಗಿಸಿದಾಗ ನಿರೀಕ್ಷಿಸಿದಷ್ಟು ಪರಿಣಾಮ ಕಾಣಲಿಲ್ಲ. ತಿಂಗಳ ನಂತರ ಅದೇ ಸೀಸೆಯ ಪುಡಿ ಇನ್ನೂ ದುರ್ಬಲವಾಗಿತ್ತು. ಸರಕೇ ಕಳಪೆಯೇ?

ಉತ್ತರ: ಸರಕನ್ನು ದೂರುವ ಮೊದಲು ಆ ಶೇ 98 ಯಾವುದರ ಲೆಕ್ಕವೆಂದು ನೋಡಬೇಕು. ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಸುಮಾರು 220 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹೀರುವ ಪದಾರ್ಥಗಳ ಪೈಕಿ ನಿಮ್ಮ ಪೆಪ್ಟೈಡ್‌ನ ಪಾಲೆಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. ಪುಡಿಯಲ್ಲಿರುವ ನೀರೂ ಲವಣವೂ ಆ ಲೆಕ್ಕಕ್ಕೆ ಬರುವುದಿಲ್ಲ. ಶುದ್ಧೀಕರಣಕ್ಕೆ ಸಾಮಾನ್ಯವಾಗಿ ಬಳಸುವ ಟ್ರೈಫ್ಲೋರೊಅಸಿಟಿಕ್ ಆಮ್ಲ ಪೆಪ್ಟೈಡ್‌ನ ಪ್ರತಿಯೊಂದು ಪ್ರತ್ಯಾಮ್ಲೀಯ ತಾಣಕ್ಕೂ ಅಂಟಿಕೊಂಡೇ ಉಳಿಯುತ್ತದೆ. ಅಣುತೂಕ 1000 ಇರುವ, ಎರಡು ಲೈಸೀನ್‌ಗಳುಳ್ಳ (ಲೈಸೀನ್ ಪ್ರತ್ಯಾಮ್ಲೀಯ ಅಮೈನೊ ಆಮ್ಲ) ಪೆಪ್ಟೈಡನ್ನೇ ತೆಗೆದುಕೊಳ್ಳಿ: ಸರಪಳಿಯ ಮೊದಲ ತುದಿಯ ಅಮೈನೂ ಸೇರಿ ಮೂರು ತಾಣಗಳು, ತಾಣಕ್ಕೆ 114ರಂತೆ 342 ಆಮ್ಲದ ಪಾಲು. ಅಂದರೆ ನೀರನ್ನು ಲೆಕ್ಕಿಸುವ ಮೊದಲೇ ನೀವು ತೂಗಿದ್ದರಲ್ಲಿ ಪೆಪ್ಟೈಡ್ ಇರುವುದು ಶೇ 75ಕ್ಕೂ ತುಸು ಕಡಿಮೆ. ಅಮೈನೊ ಆಮ್ಲ ವಿಶ್ಲೇಷಣೆಯಿಂದ ತಿಳಿಯುವ ನಿವ್ವಳ ಪೆಪ್ಟೈಡ್ ಪ್ರಮಾಣವನ್ನು ಪೂರೈಕೆದಾರರಿಂದ ಕೇಳಿ ಪಡೆಯಿರಿ. ಕೇಳದೆ ಅದನ್ನು ಕೊಡುವವರು ಕಡಿಮೆ. ಟ್ರೈಫ್ಲೋರೊಅಸಿಟಿಕ್ ಆಮ್ಲ ಕೆಲವು ಕೋಶಗಳಿಗೆ ತಾನೇ ತೊಂದರೆ ಕೊಡುವುದರಿಂದ, ಕೋಶಪ್ರಯೋಗಕ್ಕೆ ಅಸಿಟೇಟ್ ಲವಣವನ್ನು ತರಿಸುವುದು ಒಳಿತು.

ತಿಂಗಳ ನಂತರದ ದೌರ್ಬಲ್ಯಕ್ಕೆ ಕಾರಣ ಬಹುಶಃ ಸೀಸೆ ತೆರೆದ ರೀತಿಯಲ್ಲಿದೆ. ಮೈನಸ್ 20 ಡಿಗ್ರಿಯಿಂದ ಹೊರತೆಗೆದ ತಕ್ಷಣ ಮುಚ್ಚಳ ತಿರುಗಿಸಿದರೆ ಗಾಳಿಯ ತೇವವು ತಣ್ಣನೆಯ ಪುಡಿಯ ಮೇಲೆ ಕೂತು, ಹತ್ತಿಯಂತೆ ಹಗುರಾಗಿದ್ದದ್ದು ಗೋಡೆಗೆ ಮೆತ್ತಿದ ಅಂಟಾಗುತ್ತದೆ; ತೂಗಿದ್ದರಲ್ಲಿ ನೀರಿನ ಪಾಲು ಹೆಚ್ಚುತ್ತದೆ. ಶುಷ್ಕಕಾರಕವಿರುವ (ತೇವ ಹೀರುವ ಪದಾರ್ಥವಿರುವ) ಪಾತ್ರೆಯಲ್ಲಿಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲಷ್ಟೇ ತೆರೆಯಬೇಕು. ದ್ರಾವಣವನ್ನು ಒಂದೊಂದು ಬಳಕೆಗೆ ಸಾಕಾಗುವಷ್ಟಾಗಿ ಹಂಚಿ ಹೆಪ್ಪುಗಟ್ಟಿಸಿ; ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಸುಲಭವಾಗಿ ಕರಗದ ಪೆಪ್ಟೈಡ್‌ಗೆ ಡಿಎಂಎಸ್‌ಒ ಎಂಬ ದ್ರಾವಕ ಬಳಸುವವರು ಅದರಲ್ಲಿ ಸಿಸ್ಟೀನ್ ಎಂಬ ಅಮೈನೊ ಆಮ್ಲ ಇದೆಯೇ ಎಂದು ಮೊದಲು ನೋಡಬೇಕು, ಏಕೆಂದರೆ ಆ ದ್ರಾವಕವೇ ಸಿಸ್ಟೀನನ್ನು ಉತ್ಕರ್ಷಿಸಬಲ್ಲದು.

ಉಳಿದ ಪುಡಿಯನ್ನು ಒಮ್ಮೆ ಮಾಸ್ ಸ್ಪೆಕ್ಟ್ರೋಮೀಟರಿಗೆ (ಅಣುತೂಕ ಅಳೆಯುವ ಉಪಕರಣ) ಕೊಡಿ. ನಿಮ್ಮ ಸರಣಿಯಲ್ಲಿ ಮೆಥಿಯೊನೀನ್ ಎಂಬ ಅಮೈನೊ ಆಮ್ಲ ಇದ್ದು, ಮೂಲ ತೂಕಕ್ಕಿಂತ 16 ಹೆಚ್ಚಿರುವ ಶೃಂಗ (ನಕ್ಷೆಯಲ್ಲಿನ ಮೊನೆ) ಹೊಸದಾಗಿ ಕಂಡರೆ, ಆಮ್ಲಜನಕ ಸೇರಿ ಪೆಪ್ಟೈಡ್ ಉತ್ಕರ್ಷಣೆಗೆ ಒಳಗಾಗಿದೆ ಎಂದರ್ಥ. ಬಂದಾಗಿನ ವರದಿಯಲ್ಲೇ ಆ ಶೃಂಗವಿದ್ದರೆ ಮಾತ್ರ ಸರಕನ್ನು ದೂರಬಹುದು.