ರಾಜಕುಮಾರಿ ಯಾಕೆ ಒದ್ದಳು?

ಪ್ರಶ್ನೆ: ಕಾಲೇಜು ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಾಗ, ಮೇಷ್ಟ್ರು ಚಹಾ ಕುಡಿಯಲು ಹೋದ ಹೊತ್ತು ನೋಡಿ ‘ಕರಾಟೆಕಾ’ ಆಡುತ್ತಿದ್ದೆವು; ದುಷ್ಟ ಅಕುಮಾನ ಸೆರೆಯಿಂದ ರಾಜಕುಮಾರಿಯನ್ನು ಬಿಡಿಸುವ ಕಂಪ್ಯೂಟರ್ ಆಟ ಅದು. ಒಂದು ಸಲವೂ ಕೊನೆ ಮುಟ್ಟಿದ್ದಿಲ್ಲ. ಈಗ ಮಗ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೇ ಆಪಲ್ ಟು ಕಂಪ್ಯೂಟರಿನ ಹಾಗೆ ನಟಿಸುವ ಪ್ರೋಗ್ರಾಮ್) ಹಾಕಿ ಅದೇ ಆಟ ಕೊಟ್ಟಿದ್ದಾನೆ. ಹದಿನೈದು ದಿನ ಒದ್ದಾಡಿ, ಅಕುಮಾನ ಗಿಡುಗನನ್ನೂ ಅಕುಮಾನನ್ನೂ ಮುಗಿಸಿದೆ. ರಾಜಕುಮಾರಿಯ ಹತ್ತಿರ ಹೋದರೆ ಒಂದೇ ಒದೆ, ನಾನೇ ಸತ್ತೆ! ಇದು ಎಮ್ಯುಲೇಟರಿನ ದೋಷವೇ?
– ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಉತ್ತರ: ಎಮ್ಯುಲೇಟರಿನದ್ದೂ ಅಲ್ಲ, ಪ್ರೋಗ್ರಾಮಿನದ್ದೂ ಅಲ್ಲ ಸ್ವಾಮಿ, ನಿಮ್ಮದೇ. ಮುಷ್ಟಿ ಬಿಗಿದುಕೊಂಡೇ ಹೋಗಿದ್ದೀರಿ. ಆಟದಲ್ಲಿ ನಿಮ್ಮ ಕರಾಟೆ ಹುಡುಗನಿಗೆ ಎರಡೇ ಭಂಗಿ: ಕೈ ಇಳಿಬಿಟ್ಟು ಓಡಾಡುವುದು ಒಂದು, ಕಾಲು ಅಗಲಿಸಿ ಕಾದಾಟಕ್ಕೆ ನಿಲ್ಲುವುದು ಇನ್ನೊಂದು. ಸ್ಪೇಸ್ ಬಾರ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಬರುತ್ತಾನೆ. ಕಾವಲುಗಾರನ ಮುಂದೆ ಕೈ ಇಳಿಬಿಟ್ಟು ಓಡಿದಿರೋ, ಅವನ ಒಂದೇ ಏಟಿಗೆ ಹೆಣ. ರಾಜಕುಮಾರಿ ಮರಿಕೊ ಮುಂದೆ ಮಾತ್ರ ಲೆಕ್ಕ ಉಲ್ಟಾ. ಅಷ್ಟು ಹೊತ್ತು ಸೆರೆಯಲ್ಲಿ ಕೂತವಳ ಎದುರು ಇನ್ನೊಬ್ಬ ಗಂಡಸು ಜಗಳದ ಭಂಗಿಯಲ್ಲಿ ಬಂದರೆ ಅವಳೇನು ಮಾಡಬೇಕು ಹೇಳಿ? ಸ್ಪೇಸ್ ಬಾರ್ ಒತ್ತಿ, ಕೈ ಇಳಿಸಿ, ಓಡಿ ಹೋಗಿ. ಅಪ್ಪಿಕೊಳ್ಳುತ್ತಾಳೆ.

ನಾನೂ ಒದೆ ತಿಂದವನೇ. ನಮ್ಮ ಸರ್ವಿಸ್ ಸೆಂಟರಿಗೆ ರಿಪೇರಿಗೆ ಬಂದಿದ್ದ ಒಂದು ಪಿಸಿಯ ಡ್ರೈವ್ ಟೆಸ್ಟ್ ಮಾಡುವ ನೆಪದಲ್ಲಿ ರಾತ್ರಿ ಒಂಬತ್ತರವರೆಗೆ ಕೂತು ಆಡಿ ಗೆದ್ದೆ ಎಂದುಕೊಂಡೆ. ಅವಳು ಕಾಲೆತ್ತಿದಳು. ಪಕ್ಕದ ಟೇಬಲ್ಲಿನಲ್ಲಿ ಸಾಲ್ಡರಿಂಗ್ ಮಾಡುತ್ತಿದ್ದ ಹುಡುಗ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಈ ಆಟದಲ್ಲಿ ಇರುವುದು ಒಂದೇ ಜೀವ, ಮಧ್ಯದಲ್ಲಿ ಉಳಿಸಿಡುವ ವ್ಯವಸ್ಥೆ ಇಲ್ಲ. ಸತ್ತರೆ ಮತ್ತೆ ಆಟ ಮೊದಲಾಗುವ ಬಂಡೆಯಂಚಿನಿಂದಲೇ ಶುರು. ಆ ಅಂಚಿನಿಂದ ಹಿಂದಕ್ಕೆ ಹೆಜ್ಜೆಯಿಟ್ಟರೂ ಸಾವೇ. ಮೊದಲ ಸಲ ಆಡುವವರೆಲ್ಲ ಹಾಗೆ ಒಮ್ಮೆ ಬಿದ್ದೇ ಬೀಳುತ್ತಾರೆ.

ಪ್ರಶ್ನೆ: ಅಪ್ಪ ‘ಆ ಕಾಲದಲ್ಲಿ ಕರಾಟೆಕಾ ಸಿನಿಮಾ ಥರ ಇತ್ತು’ ಅನ್ನುತ್ತಾರೆ. ನೋಡಿದೆ. ನಾಲ್ಕು ಗೆರೆ, ಎರಡು ಬೊಂಬೆ. ಏನಿದೆ ಅದರಲ್ಲಿ?
– ಬಿಸಿಎ ವಿದ್ಯಾರ್ಥಿನಿ, ತುಮಕೂರು

ಉತ್ತರ: ಅಪ್ಪ ಸುಳ್ಳು ಹೇಳಿಲ್ಲಮ್ಮ. ಆ ಬೊಂಬೆ ಒದೆಯುವುದನ್ನು ಇನ್ನೊಮ್ಮೆ ನಿಧಾನಕ್ಕೆ ನೋಡು. ಮೊಣಕಾಲು ಮೊದಲು ಮೇಲೇಳುತ್ತದೆ, ಆಮೇಲೆ ಪಾದ ಚಾಚುತ್ತದೆ, ಮತ್ತೆ ಮಡಚಿಕೊಂಡು ಕೆಳಗಿಳಿಯುತ್ತದೆ. 1984ರಲ್ಲಿ ಬೇರೆ ಬಹಳಷ್ಟು ಆಟಗಳಲ್ಲಿ ಕಾಲು ಕೆಳಗಿದ್ದದ್ದು ಮರುಕ್ಷಣ ಮೇಲಿರುತ್ತಿತ್ತು, ಅಷ್ಟೆ.

ಮಾಡಿದವನು ಜೋರ್ಡನ್ ಮೆಕ್‌ನರ್, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಹೆಚ್ಚುಕಮ್ಮಿ ನಿನ್ನ ವಯಸ್ಸು, ಆಟ ಹೊರಬಂದಾಗ ಇಪ್ಪತ್ತು. ಚಿತ್ರ ಬರೆಯಲು ಕೈ ಸಾಲದು ಅನ್ನಿಸಿ, ತನ್ನ ಕರಾಟೆ ಗುರುವನ್ನೇ ನಿಲ್ಲಿಸಿ, ಸೂಪರ್ 8 ಎಂಬ ಪುಟ್ಟ ಫಿಲ್ಮ್ ಕ್ಯಾಮೆರಾದಲ್ಲಿ ಒದೆ, ಗುದ್ದುಗಳನ್ನು ಚಿತ್ರೀಕರಿಸಿದ. ಆ ರೀಲಿನ ಚೌಕಟ್ಟುಗಳ ಮೇಲೆ ಕಾಗದವಿಟ್ಟು ಮೈಯ ಅಂಚನ್ನು ತಿದ್ದಿ, ಆ ಗೆರೆಗಳನ್ನು ಕಂಪ್ಯೂಟರಿಗೆ ಇಳಿಸಿದ. ರೋಟೋಸ್ಕೋಪಿಂಗ್ ಅಂತಾರೆ. ಕಾರ್ಟೂನ್ ಚಿತ್ರದವರ ಹಳೇ ವಿದ್ಯೆ. ಸಂಗೀತ ಯಾರದು ಗೊತ್ತೇ? ಅವನ ಅಪ್ಪನದು. ಅವರ ವೃತ್ತಿ ಮನಶ್ಶಾಸ್ತ್ರ.

ಇಷ್ಟೆಲ್ಲ ಕೂತದ್ದು 48 ಕೆಬಿ ಮೆಮೊರಿಯಲ್ಲಿ. ನಿನ್ನ ಫೋನಿನ ಒಂದು ಸೆಲ್ಫಿಗೂ ಅದು ಸಾಲದು. ಪ್ರೊಸೆಸರಿನ ವೇಗ ಸುಮಾರು 1 ಮೆಗಾಹರ್ಟ್ಸ್. ಆಪಲ್ ಟು ಯಂತ್ರಕ್ಕೆ ಪ್ರತ್ಯೇಕ ಸೌಂಡ್ ಚಿಪ್ ಇರಲಿಲ್ಲ. ಸ್ಪೀಕರಿನ ಪರದೆಯನ್ನು ಒಳಗೆ-ಹೊರಗೆ ‘ಟಿಕ್’ ಅನ್ನಿಸುವ ಕೆಲಸವನ್ನೂ ಅದೇ ಪ್ರೊಸೆಸರ್ ಮಾಡಬೇಕು. ಒಬ್ಬನೇ ಭಾಗವತಿಕೆಯನ್ನೂ ಮಾಡಿ ವೇಷವನ್ನೂ ಕಟ್ಟಿದ ಹಾಗೆ. ಅದಕ್ಕೇ ನೋಡು, ಅಲ್ಲಿ ರಾಗ ಬರುವುದು ಚೂರುಚೂರಾಗಿ, ಹೊಡೆದಾಟದ ಸಂದಿಗಳಲ್ಲಿ.

ಅಪ್ಪ ‘ಸಿನಿಮಾ’ ಅಂದದ್ದು ಬಹುಶಃ ಇನ್ನೊಂದು ಕಾರಣಕ್ಕೆ. ನೀನು ಓಡುತ್ತಿರುವಾಗ ದೃಶ್ಯ ಥಟ್ಟನೆ ಕತ್ತರಿಸಿ ಅರಮನೆಗೆ ಹೋಗುತ್ತದೆ: ಅಕುಮಾ ಕೈ ತೋರಿಸುತ್ತಾನೆ, ಕಾವಲುಗಾರ ಹೊರಡುತ್ತಾನೆ. ಮತ್ತೆ ನೀನು, ಮತ್ತೆ ಅವನು. ಇಬ್ಬರೂ ಎದುರುಬದುರು ಓಡಿ ಬರುತ್ತಿದ್ದಾರೆ ಅಂತ ನಿನಗೆ ಮೊದಲೇ ಗೊತ್ತು. ಹುಡುಗ ಕಾಲೇಜಿನಲ್ಲಿ ಸಿನಿಮಾದ ಹುಚ್ಚು ಹತ್ತಿಸಿಕೊಂಡವನು, ಜಪಾನಿ ನಿರ್ದೇಶಕ ಕುರೊಸಾವಾನ ಭಕ್ತ. ಮುಂದೆ 1989ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟ ಮಾಡಿದ್ದೂ ಇವನೇ. ಅದರ ನಾಯಕನಿಗಾಗಿ ಕ್ಯಾಮೆರಾ ಮುಂದೆ ಓಡಿ ಹಾರಿದ್ದು ಅವನ ತಮ್ಮ. ಮನೆಮಂದಿಯನ್ನೆಲ್ಲ ದುಡಿಸಿಕೊಂಡ ಪುಣ್ಯಾತ್ಮ.

ನನ್ನದೊಂದು ತಕರಾರೂ ಇದೆ. ಕಥೆ ಬಡಕಲು. ದುಷ್ಟನಿಗೆ ಅಕುಮಾ, ಅಂದರೆ ಜಪಾನಿ ಭಾಷೆಯಲ್ಲಿ ಪಿಶಾಚಿ, ಅಂತ ಹೆಸರಿದೆ. ನಾಯಕನಿಗೆ ಹೆಸರೇ ಇಲ್ಲ. ‘ಕರಾಟೆಕಾ’ ಅಂದರೆ ಬರೀ ‘ಕರಾಟೆ ಮಾಡುವವನು’ ಅಂತ.

ಪ್ರಶ್ನೆ: ಕರಾಟೆಕಾ ಬರುತ್ತಿದ್ದ ಫ್ಲಾಪಿ ಡಿಸ್ಕನ್ನು ತಿರುಗಿಸಿ ಹಾಕಿದರೆ ಆಟವೂ ತಲೆಕೆಳಗಾಗುತ್ತದಂತೆ. ನಿಜವೋ, ಬುರುಡೆಯೋ?
– ಧಾರವಾಡದ ಓದುಗ

ಉತ್ತರ: ಆಪಲ್ ಟು ಫ್ಲಾಪಿಯ ಮಟ್ಟಿಗೆ ನಿಜ. ಆ ಡ್ರೈವಿಗೆ ಹೆಡ್ ಒಂದೇ, ಓದುವುದು ಒಂದೇ ಮಗ್ಗುಲು. ಇನ್ನೊಂದು ಮಗ್ಗುಲನ್ನು ಖಾಲಿ ಬಿಡುವ ಬದಲು ಅದರಲ್ಲೂ ಅದೇ ಆಟವನ್ನು ಚಿತ್ರ ಬುಡಮೇಲು ಮಾಡಿ ತುಂಬಿದ್ದರು. ಯಾರಾದರೂ ಪ್ರಕಾಶಕರಿಗೆ ಫೋನ್ ಮಾಡಿ ‘ನನ್ನ ಪರದೆ ತಲೆಕೆಳಗಾಗಿದೆ’ ಅಂತ ಗೋಳಿಡಬೇಕು, ಆ ಕಡೆಯವರು ಗಂಭೀರವಾಗಿ ‘ಫ್ಲಾಪಿ ಉಲ್ಟಾ ಹಾಕಿದ್ದೀರಿ, ಸರಿ ಮಾಡಿ’ ಅನ್ನಬೇಕು, ಇದು ಮೆಕ್‌ನರ್‌ನ ಆಸೆಯಾಗಿತ್ತಂತೆ. ಆಮೇಲೆ ಆ ಗ್ರಾಹಕ ಸಾಯುವತನಕ ಎಲ್ಲ ಫ್ಲಾಪಿಗಳ ಗುಣವೇ ಹಾಗೆ ಅಂದುಕೊಂಡಿರಬೇಕು! ಪ್ರಕಾಶಕರು ಬ್ರೋಡರ್‌ಬಂಡ್. ಇಂಥ ಕುಚೇಷ್ಟೆಗೆ ಒಪ್ಪಿದ ಕಂಪನಿಯವರಿಗೆ ಒಂದು ನಮಸ್ಕಾರ.

ಪ್ರಶ್ನೆ: ಅಮೆರಿಕದಲ್ಲಿದ್ದ ಭಾವ ಕೊಟ್ಟ ಮೂಲ ಕರಾಟೆಕಾ ಫ್ಲಾಪಿ ಅಟ್ಟದ ಮೇಲೆ ಸಿಕ್ಕಿದೆ. ಬಿಳಿ ಚುಕ್ಕೆ ಬಂದಿದೆ. ಹಳೇ ಪಿಸಿಯಲ್ಲಿ ಹಾಕಿ ನೋಡಲೇ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಬೇಡಿ ತಾಯಿ! ಬಿಳಿ ಚುಕ್ಕೆ ಅಂದರೆ ಬೂಷ್ಟು, ನಿಮ್ಮೂರ ಮಳೆಗಾಲದ ಪ್ರಸಾದ. ಹಾಗೇ ಹಾಕಿದರೆ ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡು, ಮುಂದೆ ಹಾಕುವ ಒಳ್ಳೇ ಫ್ಲಾಪಿಯನ್ನೂ ಗೀರುತ್ತದೆ. ಹಿಂದೊಮ್ಮೆ ಒಬ್ಬರು ಇಂಥದ್ದನ್ನೇ ತಂದು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ತುರುಕಿ, ನನ್ನ ಒಂದು ಡ್ರೈವನ್ನು ಹಾಳು ಮಾಡಿದ್ದಾರೆ. ಅಲ್ಲದೆ ನಿಮ್ಮದು ಆಪಲ್ ಟು ಫ್ಲಾಪಿಯಾಗಿದ್ದರೆ ಅದರಲ್ಲಿ ದತ್ತಾಂಶ ಬರೆಯುವ ರೀತಿಯೇ ಬೇರೆ, ಪಿಸಿಯ ಸಾಮಾನ್ಯ ಡ್ರೈವಿಗೆ ಅದು ಓದಲಾಗದ ಲಿಪಿ. ಒಣಗಿದ ಜಾಗದಲ್ಲಿ, ಬಿಸಿಲಿಗೂ ಸ್ಪೀಕರಿನ ಅಯಸ್ಕಾಂತಕ್ಕೂ ದೂರವಾಗಿ ನೆಟ್ಟಗೆ ನಿಲ್ಲಿಸಿಡಿ. ಆಡುವ ಆಸೆಯಿದ್ದರೆ 2023ರಲ್ಲಿ ‘ದಿ ಮೇಕಿಂಗ್ ಆಫ್ ಕರಾಟೆಕಾ’ ಅಂತ ಆಡಬಹುದಾದ ಸಾಕ್ಷ್ಯಚಿತ್ರ ಬಂದಿದೆ. ಅದರಲ್ಲಿ ಮೂಲ ಆಟವೂ ಉಂಟು, ಅದು ಹುಟ್ಟಿದ ಕಥೆಯೂ ಉಂಟು. ಮಕ್ಕಳಿಗೆ ಹೇಳಿದರೆ ಹಾಕಿಕೊಡುತ್ತಾರೆ. ಫ್ಲಾಪಿಯ ಲಕೋಟೆ ಚೆನ್ನಾಗಿದ್ದರೆ ಅದರದ್ದೊಂದು ಫೋಟೊ ಮಾತ್ರ ನನಗೆ ಕಳಿಸಿ.